ಟವಲ್ ತುಂಡು ಕೊಟ್ಟರೆ ಸ್ನಾನ, ಹಗ್ಗ ಕೊಟ್ಟರೆ ಉಯ್ಯಾಲೆ

ಕಿವಿ ಕೇಳಿಸದ ಮಗುವಿಗೆ ಬುದ್ಧಿ ಬೆಳವಣಿಗೆಯೂ ನಿಧಾನವಿದ್ದರೆ ಬರೀ ಸಂಜ್ಞೆ ಅನೇಕ ಸಲ ಸಾಲದು. ಸಂಜ್ಞೆ ಕ್ಷಣದಲ್ಲಿ ಮಾಯ, ವಸ್ತು ಕೈಯಲ್ಲಿ ಉಳಿಯುತ್ತದೆ. ಅದಕ್ಕೇ ನಾವು ಮೊದಲ ದಿನದಿಂದಲೇ ಎರಡನ್ನೂ ಜೋಡಿಸಿ ಕೊಡುತ್ತೇವೆ. ಹಿಯರಿಂಗ್ ಏಡ್ ಹೊಂದಿಕೊಳ್ಳಲಿ ಎಂದು ಕಾಯುವುದಿಲ್ಲ. ಆದರೆ ಕಣ್ಣಿನ ತಪಾಸಣೆ ಮಾತ್ರ ಮೊದಲೇ ಆಗಬೇಕು. ಬಸಿರಿನಲ್ಲಿ ತಾಯಿಗೆ ರುಬೆಲ್ಲಾ ಎಂಬ ಸೋಂಕು ಬಂದಿದ್ದರೆ ಮಗುವಿಗೆ ಕಿವುಡಿನ ಜೊತೆ ಕಣ್ಣಿನ ಪೊರೆಯೂ ಇರಬಹುದು.

ಒಂದು ಹಲಗೆಯ ಮೇಲೆ ಎಡದಿಂದ ಬಲಕ್ಕೆ ಮೂರು ಪ್ಲಾಸ್ಟಿಕ್ ಡಬ್ಬಿ, ಒಂದೊಂದರಲ್ಲಿ ಮುಂದೆ ಮಾಡುವ ಒಂದೊಂದು ಕೆಲಸದ ಗುರುತಿನ ವಸ್ತು, ಕೊನೆಗೆ ಮುಚ್ಚಳವಿರುವ ಒಂದು ಬುಟ್ಟಿ. ಬುಟ್ಟಿ ‘ಮುಗಿಯಿತು’ ಎನ್ನುವುದಕ್ಕೆ. ಚಪ್ಪಲಿಯ ರಟ್ಟಿನ ಪೆಟ್ಟಿಗೆಯೂ ನಡೆಯುತ್ತದೆ, ಬೇಗ ಹರಿಯುತ್ತದೆ ಅಷ್ಟೆ. ಸ್ನಾನಕ್ಕೆ ಆ ಮಗುವಿನದೇ ಹಳೆ ಟವಲಿನ ಅಂಗೈಯಗಲದ ತುಂಡು, ಊಟಕ್ಕೆ ದಿನಾ ಬಳಸುವ ಚಮಚ, ಉಯ್ಯಾಲೆಗೆ ಅದೇ ದಪ್ಪದ ಹಗ್ಗ. ಬಾಯಿಗೆ ಹಾಕಿಕೊಳ್ಳುವ ಮಗುವಾದರೆ ಸಣ್ಣ ವಸ್ತುಗಳನ್ನು ಗಟ್ಟಿ ರಟ್ಟಿಗೆ ದಾರದಿಂದ ಹೊಲಿದುಬಿಡಿ.

ಹೆಚ್ಚು ತಪ್ಪಾಗುವುದು ಆಟಿಕೆಯಲ್ಲಿ. ಆಟಿಕೆ ಬಸ್ಸು ದೊಡ್ಡವರ ಕಣ್ಣಿಗೆ ಬಸ್ಸು, ಮಗುವಿನ ಕೈಗೆ ಬರೀ ಪ್ಲಾಸ್ಟಿಕ್. ಬಸ್ಸು ಹತ್ತುವಾಗೆಲ್ಲ ಹೆಗಲಿಗೇರುವ ಚೀಲದ ಪಟ್ಟಿ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಸ್ನಾನಕ್ಕೆ ಹೊರಡುವ ಮುನ್ನ, ಅರ್ಧ ಗಂಟೆ ಮೊದಲಲ್ಲ, ಆಗಲೇ, ಮಗು ತಾನೇ ಡಬ್ಬಿಯಿಂದ ಟವಲ್ ತುಂಡು ತೆಗೆಯಬೇಕು. ಮಣಿಕಟ್ಟು ಹಿಡಿದು ಎಳೆಯಬೇಡಿ, ನಿಮ್ಮ ಕೈ ಅದರ ಕೈಯ ಕೆಳಗಿರಲಿ. ಬೆಳಕು ನಿಮ್ಮ ಮುಖದ ಮೇಲೆ ಬೀಳುವ ಹಾಗೆ ಎದುರಿಗೆ ಕೂತು ಒಂದೇ ಒಂದು ಸಲ ಸಂಜ್ಞೆ ಮಾಡಿ. ಆಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಈ ಎಣಿಕೆಯೇ ಎಲ್ಲಕ್ಕಿಂತ ಕಷ್ಟ. ಮೂರಕ್ಕೆ ಬರುವಷ್ಟರಲ್ಲಿ ಮನೆಯಲ್ಲಿ ಯಾರಾದರೂ ಮತ್ತೆ ಕೈ ಆಡಿಸುತ್ತಾರೆ, ಮಗು ಅರ್ಥ ಮಾಡಿಕೊಳ್ಳುತ್ತಿದ್ದುದೆಲ್ಲ ಅಲ್ಲಿಗೆ ಕೆಡುತ್ತದೆ. ತುಂಡನ್ನು ಬಚ್ಚಲಿಗೂ ಒಯ್ಯಲಿ, ಸ್ನಾನ ಮುಗಿದ ಮೇಲೆ ತಾನೇ ಬುಟ್ಟಿಗೆ ಹಾಕಿ ಮುಚ್ಚಳ ಮುಚ್ಚಲಿ.

ಸಂಜ್ಞೆಗೆ ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟಿದೆ, 2021ರ ಆವೃತ್ತಿಯಲ್ಲಿ 10,000 ಪದ. ಶುರುವಿಗೆ ಎಂಟು ಸಾಕು, ಅದರಲ್ಲಿ ‘ಬೇಡ’ ಇರಲೇಬೇಕು. ಐದು ಬೆರಳು ಕೂಡಿಸಿ ಬಾಯಿಗೆ ಒಯ್ದರೆ ಊಟ. ಬೆರಳು ಹಿಡಿತಕ್ಕೆ ಬಾರದ ಮಗು ಅಂಗೈಯಿಂದ ಕೆನ್ನೆ ತಟ್ಟಬಹುದು. ಅದನ್ನೇ ಊಟವೆಂದು ಒಪ್ಪಿ ತಟ್ಟೆ ಇಡಿ, ನೀವು ಮಾತ್ರ ಸರಿಯಾದ ಸಂಜ್ಞೆಯನ್ನೇ ಮಾಡಿ. ಕೆನ್ನೆ ತಟ್ಟುವ ಫೋಟೊ ತೆಗೆದು, ಕೆಳಗೆ ‘ಊಟ ಕೇಳುತ್ತಿದ್ದಾನೆ’ ಎಂದು ಬರೆದು, ಒಂದು ಪ್ರತಿ ಅಡುಗೆಮನೆಯಲ್ಲಿ, ಇನ್ನೊಂದು ಶಾಲೆಯ ಚೀಲದಲ್ಲಿ ಇಡಿ. ಹೊಸ ಟೀಚರ್ ಬಂದಾಗ ಮಗು ಮತ್ತೆ ಮೂಕವಾಗುವುದು ಈ ಹಾಳೆ ಇಲ್ಲದ ಕಡೆಯೇ.

ಡಬ್ಬಿಯಲ್ಲಿ ಬರೀ ಹಲ್ಲುಜ್ಜುವುದು, ಔಷಧಿ, ಪಾಠದ ವಸ್ತುಗಳನ್ನೇ ತುಂಬಿದರೆ ಮಗು ಡಬ್ಬಿಯನ್ನೇ ಒದೆಯುತ್ತದೆ. ಮೂರರಲ್ಲಿ ಒಂದಾದರೂ ಇಷ್ಟದ್ದಿರಲಿ.

ಒಂದು ದಿನ ಮಗು ತಾನಾಗಿ ಹಗ್ಗ ತಂದು ನಿಮ್ಮ ಕೈಗಿಡುತ್ತದೆ. ಒಲೆಯ ಮೇಲೆ ಸಾರು ಕುದಿಯುತ್ತಿದ್ದರೂ ಉರಿ ಆರಿಸಿ ಹೋಗಿ, ಎರಡೇ ನಿಮಿಷ ತೂಗಿ. ಮೊದಲ ಕೆಲವು ವಾರ ಹೀಗೇ ನಡೆಯಲಿ. ಕೇಳಿದರೆ ಸಿಗುತ್ತದೆ ಎಂಬುದು ಗಟ್ಟಿಯಾದ ಮೇಲೆ, ಹಗ್ಗವನ್ನು ಚಮಚದ ಬಲಕ್ಕಿರುವ ಡಬ್ಬಿಗೆ ಹಾಕಿ, ಮೊದಲು ಚಮಚ ಮುಟ್ಟಿಸಿ, ಆಮೇಲೆ ಹಗ್ಗ: ಮೊದಲು ಊಟ, ಆಮೇಲೆ ಉಯ್ಯಾಲೆ.