ಕೆಲಸದ ಜೊತೆ ನೆನಪನ್ನೂ ಹಂಚಿಕೊಂಡೆವು

ನಮ್ಮ ಮನೆ ಹುಬ್ಬಳ್ಳಿಯಲ್ಲಿ, ನನ್ನ ಕೆಲಸ ಧಾರವಾಡದಲ್ಲಿ. ಬೆಳಗ್ಗೆ ಚಿಗರಿ ಬಸ್ ಹತ್ತಿದರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ನಮ್ಮ ಮನೆಯವರದು ದುರ್ಗದಬೈಲ್ ಹತ್ತಿರ ಅಂಗಡಿ. ಮದುವೆಯಾದ ಹೊಸದರಲ್ಲಿ ನಮ್ಮ ಜಗಳ ಯಾವಾಗಲೂ ಬಂದು ನಿಲ್ಲುತ್ತಿದ್ದದ್ದು ಒಂದೇ ಮಾತಿಗೆ: "ನೀ ಹೇಳಿದ್ರ ನಾ ಮಾಡ್ತಿದ್ದೆ."

ಅದು ನಿಜವೇ. ಹೇಳಿದ್ದನ್ನು ಅವರು ಬೇಸರವಿಲ್ಲದೆ ಮಾಡುತ್ತಿದ್ದರು. ಆದರೆ ಗ್ಯಾಸ್ ಯಾವಾಗ ಬುಕ್ ಮಾಡಬೇಕು, ಹಿಟ್ಟು ಎಷ್ಟು ಉಳಿದಿದೆ, ನೀರು ಯಾವತ್ತು ಬಿಡುತ್ತಾರೆ, ಎಲ್ಲವೂ ನನ್ನ ತಲೆಯಲ್ಲೇ ಇರಬೇಕಿತ್ತು. ಕೈಕೆಲಸಕ್ಕಿಂತ ಇದೇ ಜಾಸ್ತಿ ದಣಿಸುತ್ತದೆ. ಹಾಗಾಗಿ ಒಂದು ದಿನ ಕೂತು ಮಾತಾಡಿ ತೀರ್ಮಾನಿಸಿದೆವು: ಕೆಲಸ ಯಾರದೋ, ಅದರ ನೆನಪೂ ಅವರದೇ. ಇನ್ನೊಬ್ಬರು ಕೇಳುವ ಹಾಗಿಲ್ಲ.

ನೀರು ಅವರ ಪಾಲಿಗೆ ಬಂತು. ನಮ್ಮ ಕಡೆ ನಳದ ನೀರು ದಿನಾ ಬರುವುದಿಲ್ಲ, ನಡುವೆ ಎಷ್ಟೋ ದಿನ ಬಿಟ್ಟು ಬರುತ್ತದೆ. ಈಗ ಹಿಂದಿನ ರಾತ್ರಿಯೇ ಅವರು ಡ್ರಮ್ಮಿನ ತಳದ ನೀರನ್ನು ಗಿಡಕ್ಕೆ ಸುರಿದು, ಒಳಗಿನ ಗೋಡೆಯನ್ನು ಬ್ರಷ್‌ನಿಂದ ಗಸಗಸ ತಿಕ್ಕುತ್ತಾರೆ. ಸುಮ್ನೆ ತೊಳೆದರೆ ಸಾಲದು. ಡೆಂಗಿ ಸೊಳ್ಳೆ ನೀರಿನಂಚಿನ ಗೋಡೆಗೆ ಮೊಟ್ಟೆ ಅಂಟಿಸಿರುತ್ತದೆ. ಅದು ಮರಿಯಾಗಿ, ಸೊಳ್ಳೆಯಾಗಿ ಹಾರಲು ವಾರ, ಹತ್ತು ದಿನ ಸಾಕು. ನೀರು ಬಂದ ಮೇಲೆ ಮೊದಲಿನ ರಾಡಿ ನೀರು ನೆಲ ಒರೆಸುವ ಬಕೆಟ್ಟಿಗೆ. ತಿಳಿಯಾದ ಮೇಲೆ ಕುಡಿಯುವ ಕೊಡಕ್ಕೆ, ಅದೂ ಬಿಳಿ ಬಟ್ಟೆ ಕಟ್ಟಿ. ಆಮೇಲೆ ಸಂಪು, ಡ್ರಮ್ಮು. ನಡುರಾತ್ರಿ ನೀರು ಬಂದರೂ ನಾನು ಏಳುವುದಿಲ್ಲ. ಆ ನಿದ್ದೆಯ ಬೆಲೆ ನನಗೇ ಗೊತ್ತು!

ಜೋಳ ನನ್ನದು. ಬಿಳಿಜೋಳವನ್ನು ಒಂದೇ ಸಲ ತಿಂಗಳುಗಟ್ಟಲೆಗಾಗುವಷ್ಟು ಬೀಸಿಸಿ ಇಡುವುದಿಲ್ಲ. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ಬಡಿಯುವಾಗ ಅಂಚು ಸೀಳುತ್ತದೆ. ಬೇಕಾದಷ್ಟನ್ನೇ ಗಿರಣಿಗೆ ಹಾಕಿಸುತ್ತೇನೆ. ದಿನಾ ಬೆಳಗ್ಗೆ ರೊಟ್ಟಿ ಬಡಿಯುವ ಹಟವನ್ನೂ ಬಿಟ್ಟೆವು. ಬಿಸಿರೊಟ್ಟಿ ರಾತ್ರಿಗೆ, ಬೆಳಗಿನ ಡಬ್ಬಿಗೆ ಕಡಕ್ ರೊಟ್ಟಿ. ಅದನ್ನು ತರುವುದು ಅವರ ಕೆಲಸ. ಜೊತೆಗೆ ಶೇಂಗಾ ಚಟ್ನಿ, ಮೊಸರು ಇದ್ದರೆ ಊಟ ಆಯಿತು.

ಕಾಳು ನೆನೆಹಾಕುವುದೂ ಅವರದೇ. ರಾತ್ರಿ ಅಂಗಡಿಯಿಂದ ಬಂದು ಕೈಕಾಲು ತೊಳೆದವರು ಮೊದಲು ಹೆಸರು ಇಲ್ಲವೇ ಮಡಿಕಿ ಕಾಳು ನೆನೆಹಾಕುತ್ತಾರೆ. ಬೆಳಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಇಡುತ್ತಾರೆ. ಮರುದಿನಕ್ಕೆ ಮೊಳಕೆ ಸಿದ್ಧ. ಹಾಗಾಗಿ "ನಾಳೆ ಏನು ಪಲ್ಯ" ಎಂಬ ಪ್ರಶ್ನೆಯೇ ವಾರದಲ್ಲಿ ಎಷ್ಟೋ ದಿನ ಏಳುವುದಿಲ್ಲ.

ಕರೆಂಟ್ ಬಿಲ್ಲು, ಗ್ಯಾಸ್ ನನಗೆ. ಸಂತೆ ಇಬ್ಬರದೂ, ಯಾಕೆಂದರೆ ಇಬ್ಬರಿಗೂ ಇಷ್ಟ.

ಈ ಹಂಚಿಕೆ ಉಳಿಯಬೇಕಾದರೆ ಒಂದು ಮಾತು ಗಟ್ಟಿಯಾಗಿರಬೇಕು. ಅವರು ಮಾಡಿದ ರೀತಿ ನನ್ನ ರೀತಿಯಲ್ಲದಿದ್ದರೂ ನಾನು ತಿದ್ದಲು ಹೋಗುವುದಿಲ್ಲ. ಕೊಡಗಳನ್ನು ಅವರು ಸಾಲಾಗಿಡುವುದು ನನಗೆ ಬೇಕಾದ ಕಡೆಯಲ್ಲ. ಇರಲಿ ಬಿಡಿ. ತಿದ್ದಲು ಕೈ ಹಾಕಿದರೆ ಆ ಕೆಲಸ ತಿರುಗಿ ನನ್ನ ತಲೆಗೇ ಬರುತ್ತದೆ.

ಪಂಚಮಿಗೆ ತವರಿಗೆ ಹೋಗುವಾಗ ಮೊದಲೆಲ್ಲ ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸುತ್ತಿದ್ದೆ. ಈಗ ಉಂಡಿಯ ಡಬ್ಬಿಯನ್ನು ಅವರ ಕೈಗೆ ಕೊಟ್ಟು ಹೊರಡುತ್ತೇನೆ.