ಪ್ಲೇಆಫ್‌ನಲ್ಲಿ ಚೆಂಡು ಕಳೆದದ್ದು ಯಾರು? ಕ್ವಾರ್ಟರ್‌ಬ್ಯಾಕ್ ತಪ್ಪನ್ನು ಆಣೆ ಲೆಕ್ಕದಲ್ಲಿ ಹಂಚುವ ಬಗೆ

ಅಮೆರಿಕನ್ ಫುಟ್‌ಬಾಲ್‌ನ ನಾಕೌಟ್ ಹಂತ, ಅಂದರೆ ಪ್ಲೇಆಫ್‌ನ ಫೈನಲ್ ಆದ ಸೂಪರ್ ಬೌಲ್ ನಮ್ಮಲ್ಲಿ ಸೋಮವಾರ ಬೆಳಗಿನ ಜಾವ 5ಕ್ಕೆ ಶುರುವಾಗಿ ಒಂಬತ್ತರ ಒಳಗೆ ಮುಗಿಯುತ್ತದೆ. ಅಷ್ಟೊತ್ತಿಗೆ ಬಳ್ಳಾರಿಯ ಹೋಟೆಲುಗಳಲ್ಲಿ ವಗ್ಗರಣಿ-ಮಿರ್ಚಿ ಅರ್ಧ ಖಾಲಿ. ಫೋನ್ ನೋಡುತ್ತಾ ಕೂತವರಲ್ಲಿ ಸೋತ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನ ಬಗ್ಗೆ ಜಗಳ ಹತ್ತುವುದೂ ಆಗಲೇ. "ಅವನಿಂದ್ಲೇ ಹೋತು ನೋಡಪ, ಮೂರು ಸಲ ಚೆಂಡು ಕೊಟ್ಟ" ಅಂತ ಒಬ್ಬ. "ಮುಂದಿನ ಲೈನ್ ತಡೀಲಿಲ್ಲಂದ್ರ ಅವನೇನ್ ಮಾಡ್ಬೇಕಲೇ" ಅಂತ, ಅವನನ್ನು ಕಾಯುವ ಮುಂದಿನ ಸಾಲಿನ ಕಡೆ ಬೆರಳು ತೋರಿಸಿ, ಇನ್ನೊಬ್ಬ. ಇಬ್ಬರ ಕೈಯಲ್ಲಿರುವುದು ಸ್ಕೋರ್‌ಪಟ್ಟಿಯ ಅದೇ ಒಂದು ಅಂಕಿ. ತಪ್ಪು ಯಾರದ್ದು, ಮೈದಾನದ ಯಾವ ತುದಿಯಲ್ಲಿ ಆಯಿತು, ಎದುರಾಳಿಗೆ ಅದರಿಂದ ಏನು ಸಿಕ್ಕಿತು, ಈ ಮೂರರಲ್ಲಿ ಒಂದನ್ನೂ ಆ ಅಂಕಿ ಹೇಳುವುದಿಲ್ಲ. ಹೇಳಬೇಕೆಂದರೆ ಪಂದ್ಯ ನೋಡುವಾಗಲೇ ಒಂದು ಲೆಕ್ಕ ಇಟ್ಟುಕೊಳ್ಳಬೇಕು.

ಪುಸ್ತಕಕ್ಕೆ ಗೆರೆ ಎಳೆಯುವುದು

ಉದ್ದನೆಯ ನೋಟ್‌ಬುಕ್ಕನ್ನು ಅಡ್ಡ ಹಿಡಿದು ಐದು ಖಾನೆ ಮಾಡಿ. ಮೊದಲನೆಯದಕ್ಕೆ ಹೊತ್ತು ಮತ್ತು ಆಗಿನ ಸ್ಕೋರು. ಎರಡನೆಯದಕ್ಕೆ ಎಷ್ಟನೇ ಡೌನ್ (10 ಗಜ ಮುಂದೆ ಹೋಗಲು ಸಿಗುವ ನಾಲ್ಕು ಯತ್ನಗಳಲ್ಲಿ ಒಂದು), ಎಷ್ಟು ಗಜ ಬೇಕಿತ್ತು. ಮೂರನೆಯದಕ್ಕೆ ಎದುರಾಳಿ ಚೆಂಡನ್ನು ಯಾವ ಗೆರೆಯಿಂದ ಆಡಲು ಶುರುಮಾಡಿದರು. ನಾಲ್ಕನೆಯದಕ್ಕೆ ತಪ್ಪಿನ ಪಾಲು, ಹದಿನಾರಾಣೆಗೆ ಎಷ್ಟು. ಐದನೆಯದಕ್ಕೆ ಮುಂದಿನ ಡ್ರೈವ್‌ನಲ್ಲಿ, ಅಂದರೆ ಚೆಂಡು ಸಿಕ್ಕ ಎದುರಾಳಿಯ ಸರದಿಯಲ್ಲಿ, ಬಂದ ಅಂಕ. ಎರಡು ತಂಡಕ್ಕೂ ಬೇರೆ ಬೇರೆ ಪುಟ ಇರಲಿ. ಸೋತವರ ಪುಟವನ್ನಷ್ಟೇ ತುಂಬಿಸಿದವರ ಲೆಕ್ಕ ಯಾವತ್ತೂ ಸೋತವರ ಕ್ವಾರ್ಟರ್‌ಬ್ಯಾಕ್ ಹತ್ತಿರವೇ ಹೋಗಿ ನಿಲ್ಲುತ್ತದೆ.

ಅಧಿಕೃತ ಲೆಕ್ಕದಲ್ಲಿ ಟರ್ನೋವರ್ ಎಂದರೆ ಎರಡೇ: ಎಸೆದ ಚೆಂಡನ್ನು ಎದುರಾಳಿ ಹಿಡಿದರೆ ಇಂಟರ್‌ಸೆಪ್ಷನ್, ಕೈಜಾರಿದ ಚೆಂಡು ಎದುರಾಳಿಗೆ ಸಿಕ್ಕರೆ ಕಳೆದುಕೊಂಡ ಫಂಬಲ್. ನಾಲ್ಕನೇ ಡೌನ್‌ನಲ್ಲಿ ಬೇಕಾದ ಗಜ ಸಿಗದೆ ಚೆಂಡು ಬಿಟ್ಟುಕೊಟ್ಟರೆ ಅದು ಆ ಸಾಲಿಗೆ ಸೇರುವುದಿಲ್ಲ. ಪುಸ್ತಕದಲ್ಲಿ ಮಾತ್ರ ಅದನ್ನೂ ಬರೆದು ಪಕ್ಕಕ್ಕೆ ಚುಕ್ಕೆ ಇಡಿ, ಏಕೆಂದರೆ ಚೆಂಡು ಹೋದದ್ದಂತೂ ನಿಜ. ಇನ್ನೆರಡಕ್ಕೂ ಚುಕ್ಕೆ ಬೇಕು: ಕೈಜಾರಿಯೂ ಸ್ವಂತ ತಂಡಕ್ಕೇ ಸಿಕ್ಕ ಫಂಬಲ್, ಎದುರಾಳಿಯ ಎದೆಗೇ ಬಂದರೂ ಅವನು ಹಿಡಿಯದೆ ಬಿಟ್ಟ ಚೆಂಡು. ಎರಡು ತುದಿ ಚೂಪಾದ ಚೆಂಡು ನೆಲಕ್ಕೆ ಬಿದ್ದರೆ ಯಾವ ಕಡೆ ಪುಟಿಯುತ್ತದೋ ಹೇಳಲಾಗದು. ಫಂಬಲ್ ಯಾರ ಪಾಲಾಗುತ್ತದೆ ಎನ್ನುವುದು ಬಹುಪಾಲು ಅದೃಷ್ಟ. ಮೂರು ಸಲ ಕೈಜಾರಿಸಿ ಮೂರೂ ವಾಪಸ್ ಪಡೆದವನನ್ನು ಸ್ಕೋರ್‌ಪಟ್ಟಿ ಬಲು ಜಾಗರೂಕ ಎಂದು ತೋರಿಸುತ್ತದೆ. ಚುಕ್ಕೆಗಳು ಅವನ ನಿಜ ಬಣ್ಣ ತೋರಿಸುತ್ತವೆ.

ಆಣೆ ಹಂಚುವುದು

ಜಗಳವೆಲ್ಲ ಇರುವುದು ನಾಲ್ಕನೇ ಖಾನೆಯಲ್ಲಿ. ಹಾಗಾಗಿ ಅದನ್ನು ನೇರ ಪ್ರಸಾರ ನೋಡುತ್ತಾ ತುಂಬಿಸಬೇಡಿ, ಕನಿಷ್ಠ ಎರಡು ಕೋನದ ಮರುನೋಟ ಬರುವವರೆಗೆ ಖಾಲಿ ಬಿಡಿ. ತೋರಣಗಲ್ಲಿನಲ್ಲಿ ರಾತ್ರಿ ಪಾಳಿ ಮಾಡುವವರಿಗೆ ನಿದ್ದೆಗೆಟ್ಟು ನೇರ ನೋಡುವ ಅಗತ್ಯವೂ ಇಲ್ಲ. ಬಿಡುವು, ಜಾಹೀರಾತು ಎಲ್ಲ ಕತ್ತರಿಸಿ ಸುಮಾರು ಮುಕ್ಕಾಲು ಗಂಟೆಗೆ ಇಳಿಸಿದ ಮರುಪ್ರಸಾರ ಈ ಕೆಲಸಕ್ಕೆ ಇನ್ನೂ ಚೆನ್ನ.

ಎಸೆತ ಸರಿಯಿದ್ದು, ಅದನ್ನು ಹಿಡಿಯಬೇಕಾದ ರಿಸೀವರ್‌ನ ಎರಡೂ ಅಂಗೈಗೆ ತಗುಲಿ ಮೇಲೆ ಹಾರಿ ಎದುರಾಳಿಗೆ ಸಿಕ್ಕರೆ ಕ್ವಾರ್ಟರ್‌ಬ್ಯಾಕ್‌ಗೆ ಎರಡಾಣೆ ಸಾಕು, ಉಳಿದ ಹದಿನಾಲ್ಕು ರಿಸೀವರ್‌ಗೆ. ಅವನು ಮೈ ಚಾಚಿ ಒಂದು ಕೈಯಲ್ಲಿ ಮುಟ್ಟುವಂಥ ಎಸೆತವಾಗಿದ್ದರೆ ಅರ್ಧ-ಅರ್ಧ. ಮುಂದೆ ನಿಂತ ಎದುರಾಳಿ ಲೈನ್‌ಮನ್ ಕೈ ಎತ್ತಿ ತಾಗಿಸಿ ದಿಕ್ಕು ತಪ್ಪಿಸಿದ್ದರೂ ಎಂಟಾಣೆ, ತಗ್ಗಿನಲ್ಲಿ ಎಸೆದದ್ದು ಅವನೇ ತಾನೆ. ಇಬ್ಬರು ಕಾವಲಿದ್ದ ಕಡೆಗೆ, ಎದುರಿಗೆ ಯಾರ ಒತ್ತಡವೂ ಇಲ್ಲದೆ ಎಸೆದಿದ್ದರೆ ಹದಿನಾರಾಣೆಯೂ ಅವನದೇ. ರಿಸೀವರ್ ಒಳಕ್ಕೆ ತಿರುಗಿ ಚೆಂಡು ಹೊರಕ್ಕೆ ಹೋಗಿದ್ದರೆ ಇಬ್ಬರಲ್ಲಿ ಯಾರು ತಪ್ಪು ಓದಿಕೊಂಡರೆಂದು ಟಿವಿಯಲ್ಲಿ ತಿಳಿಯುವುದಿಲ್ಲ. ಎಂಟು-ಎಂಟು ಹಾಕಿ ಮುಂದೆ ಹೋಗಿ, ಅಲ್ಲೇ ಕೂತು ವಾದಿಸಿ ಫಲವಿಲ್ಲ. ಅರ್ಧಾವಧಿಯ ಕೊನೇ ಕ್ಷಣದಲ್ಲಿ ದೇವರ ಮೇಲೆ ಭಾರ ಹಾಕಿ 50 ಗಜ ಎಸೆದದ್ದು ಎದುರಾಳಿಗೆ ಸಿಕ್ಕರೆ ಸೊನ್ನೆ. ಸ್ಕೋರ್‌ಪಟ್ಟಿ ಅದನ್ನೂ ಒಂದು ಇಂಟರ್‌ಸೆಪ್ಷನ್ ಎಂದೇ ಬರೆಯುತ್ತದೆ.

ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವಾಗ ಕೈಯಿಂದ ಚೆಂಡು ಕಿತ್ತುಬಿದ್ದರೆ ಫೋನಿನ ಸ್ಟಾಪ್‌ವಾಚ್ ತೆಗೆಯಿರಿ. ಸ್ನ್ಯಾಪ್ ಆದ, ಅಂದರೆ ಲೈನಿನ ನಡುವಿನ ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟ ಗಳಿಗೆಯಿಂದ ಪೆಟ್ಟು ಬಿದ್ದ ಗಳಿಗೆಯವರೆಗೆ ಎರಡೂವರೆ ಸೆಕೆಂಡಿನ ಒಳಗಿದ್ದರೆ ಹನ್ನೆರಡಾಣೆ ಲೈನಿನದು. ಮೂರೂವರೆ ದಾಟಿದ್ದರೆ ಹನ್ನೆರಡಾಣೆ ಅವನದು, ಅಷ್ಟು ಹೊತ್ತು ಚೆಂಡು ಇಟ್ಟುಕೊಳ್ಳಬಾರದು. ನಡುವಿನದಕ್ಕೆ ಅರ್ಧ-ಅರ್ಧ. 2016ರ ಫೆಬ್ರವರಿಯ ಸೂಪರ್ ಬೌಲ್ 50ರಲ್ಲಿ ಕೆರೊಲಿನಾ ಪ್ಯಾಂಥರ್ಸ್‌ನ ಕ್ಯಾಮ್ ನ್ಯೂಟನ್ ಎರಡು ಫಂಬಲ್ ಕಳೆದುಕೊಂಡ. ಎರಡೂ ಸಲ ಕೈಯಿಂದ ಚೆಂಡು ಉದುರಿಸಿದ್ದು ಡೆನ್ವರ್‌ನ ವಾನ್ ಮಿಲ್ಲರ್. ಸ್ಕೋರ್‌ಪಟ್ಟಿ ನೋಡಿದವರಿಗೆ ನ್ಯೂಟನ್ ಕಾಣುತ್ತಾನೆ. ಪಂದ್ಯ ನೋಡಿದವರಿಗೆ ಮಿಲ್ಲರ್‌ನನ್ನು ತಡೆಯಲಾಗದ ಲೈನೂ ಕಾಣುತ್ತದೆ.

ಕೈ ಮುಂದಕ್ಕೆ ಬೀಸುವಾಗ ಚೆಂಡು ಬಿದ್ದರೆ ಅದು ಫಂಬಲ್ ಅಲ್ಲ, ಹಿಡಿಯದ ಎಸೆತ. ನಿಧಾನಗತಿಯಲ್ಲಿ ಕೈ ಯಾವ ಕಡೆ ಸಾಗುತ್ತಿದೆ ಎಂದು ನೋಡಿಕೊಂಡೇ ಬರೆಯಿರಿ. ಹಳೆಯ ಪಂದ್ಯಗಳ ಲೆಕ್ಕ ಹಾಕುವವರಿಗೆ ಇನ್ನೊಂದು ತೊಡಕಿದೆ. ಮುಂದಕ್ಕೆ ಬೀಸಿದ ಕೈಯನ್ನು ಮೈಕಡೆ ಎಳೆದುಕೊಳ್ಳುವಾಗ ಬಿದ್ದರೂ ಎಸೆತವೇ ಎನ್ನುವ ಟಕ್ ನಿಯಮ ಆಗ ಇತ್ತು. 2002ರ ಜನವರಿಯ ಹಿಮದ ರಾತ್ರಿ ಓಕ್ಲೆಂಡ್ ರೈಡರ್ಸ್ ವಿರುದ್ಧ ಟಾಮ್ ಬ್ರೇಡಿಯ ಕೈಯಿಂದ ಬಿದ್ದ ಚೆಂಡು ಆ ನಿಯಮದಿಂದಲೇ ಪೇಟ್ರಿಯಟ್ಸ್‌ಗೆ ಉಳಿಯಿತು, ಅವರು 16-13ರಿಂದ ಗೆದ್ದರು. 2013ರಲ್ಲಿ ಆ ನಿಯಮ ತೆಗೆದುಹಾಕಿದರು.

ಕೋಚ್‌ನ ಪಾಲನ್ನೂ ಮರೆಯಬೇಡಿ. 2015ರ ಫೆಬ್ರವರಿ 1ರ ಸೂಪರ್ ಬೌಲ್‌ನಲ್ಲಿ ಸಿಯಾಟಲ್ 24-28ರಿಂದ ಹಿಂದಿತ್ತು, ಎರಡನೇ ಡೌನ್, ಅಂಕ ಸಿಗುವ ಎಂಡ್ ಝೋನ್‌ಗೆ ಒಂದೇ ಗಜ, ಗಡಿಯಾರದಲ್ಲಿ 26 ಸೆಕೆಂಡ್. ಓಡಿಸುವುದು ಬಿಟ್ಟು ಎಸೆಯಲು ಹೇಳಿದರು, ಪೇಟ್ರಿಯಟ್ಸ್‌ನ ಮಾಲ್ಕಮ್ ಬಟ್ಲರ್ ಮೊದಲೇ ಊಹಿಸಿ ನುಗ್ಗಿ ಹಿಡಿದ. ಇಲ್ಲಿ ಸಿಯಾಟಲ್‌ನ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್‌ಗೆ ಐದಾಣೆಗಿಂತ ಹೆಚ್ಚು ಹಾಕುವುದು ಅನ್ಯಾಯ. ಐದು ಕೋಚ್‌ಗೆ, ಉಳಿದ ಆರನ್ನು ಬಟ್ಲರ್‌ನ ಜಾಣತನಕ್ಕೆ ಬಿಡಿ. ಪ್ರತಿ ಟರ್ನೋವರ್‌ಗೂ ಕಳೆದವನೊಬ್ಬ ತಪ್ಪುಗಾರ ಇರಲೇಬೇಕೆಂದು ಹುಡುಕಬಾರದು, ಕಿತ್ತುಕೊಂಡವನೂ ಆಟ ಆಡಲಿಕ್ಕೇ ಬಂದಿರುತ್ತಾನೆ.

ಈ ಅಳತೆ ನಿಮಗೆ ಒಪ್ಪದಿದ್ದರೆ ಬದಲಿಸಿಕೊಳ್ಳಿ. ಆದರೆ ಪಂದ್ಯ ಶುರುವಾಗುವ ಮೊದಲು, ಕೂತವರೆಲ್ಲ ಒಪ್ಪಿ. ಮುಗಿದ ಮೇಲೆ ಬದಲಿಸಿದ ಅಳತೆಗೆ ಬೆಲೆಯಿಲ್ಲ.

ಎಲ್ಲಿ ಹೋಯಿತು, ಆಮೇಲೆ ಏನಾಯಿತು

ಕಬಡ್ಡಿಯಲ್ಲಿ ರೈಡರ್ ನಡುಗೆರೆಯ ಹತ್ತಿರ ಸಿಕ್ಕಿಬಿದ್ದರೂ ಒಂದೇ ಅಂಕ, ಮೂಲೆಯಲ್ಲಿ ಸಿಕ್ಕಿಬಿದ್ದರೂ ಒಂದೇ ಅಂಕ. ಇಲ್ಲಿ ಜಾಗದ ಮೇಲೆ ಬೆಲೆ. ನೀವು ಕಾಯುವ ಎಂಡ್ ಝೋನ್‌ಗೆ 20 ಗಜ ಇರುವ ಗೆರೆಯಲ್ಲಿ ಎದುರಾಳಿಗೆ ಚೆಂಡು ಸಿಕ್ಕರೆ ಸರಾಸರಿ ನಾಲ್ಕು ಅಂಕದಷ್ಟು ಕೊಟ್ಟಂತೆ. ಅವರದೇ 20ರಲ್ಲಿ ಸಿಕ್ಕರೆ ಒಂದು ಅಂಕದ ಬೆಲೆಯೂ ಇಲ್ಲ. ಮೂರನೇ ಡೌನ್, 15 ಗಜ ಬೇಕು, 45 ಗಜ ದೂರ ಎಸೆದ ಚೆಂಡನ್ನು ಎದುರಾಳಿ ಹಿಡಿದು ಅಲ್ಲೇ ಬಿದ್ದ ಎಂದುಕೊಳ್ಳಿ. ಎಸೆಯದಿದ್ದರೆ ಮುಂದಿನ ಡೌನ್‌ನಲ್ಲಿ ಪಂಟ್ ಒದ್ದು, ಅಂದರೆ ಚೆಂಡನ್ನು ಎದುರಾಳಿಗೇ ಬಿಟ್ಟುಕೊಟ್ಟು, ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ಕಳಿಸುತ್ತಿದ್ದರು. ಇಂಥದ್ದಕ್ಕೆ ಮೂರನೇ ಖಾನೆಯಲ್ಲಿ 'ಪಂಟ್' ಎಂದು ಬರೆದು ಬೆಲೆ ಸೊನ್ನೆ ಮಾಡಿ.

ಐದನೇ ಖಾನೆ ತುಂಬಿದ ಮೇಲೆ ಲೆಕ್ಕ ಹೇಗೆ ತಿರುಗುತ್ತದೆ ಎನ್ನುವುದಕ್ಕೆ 2021ರ ಜನವರಿ 24ರಂದು ಗ್ರೀನ್ ಬೇಯಲ್ಲಿ ನಡೆದ ಎನ್‌ಎಫ್‌ಸಿ ಫೈನಲ್‌ಗಿಂತ (ಸೂಪರ್ ಬೌಲ್‌ಗೆ ಸೆಮಿಫೈನಲ್ ಇದ್ದಂತೆ) ಒಳ್ಳೆಯ ಮಾದರಿ ಸಿಗುವುದು ಕಷ್ಟ. ಅಷ್ಟೊತ್ತಿಗೆ ಟ್ಯಾಂಪಾ ಬೇ ಸೇರಿದ್ದ ಬ್ರೇಡಿ ಎರಡನೇ ಅರ್ಧದಲ್ಲಿ ಮೂರು ಇಂಟರ್‌ಸೆಪ್ಷನ್ ಎಸೆದ. ಗ್ರೀನ್ ಬೇಯದು ಎರಡೇ ಟರ್ನೋವರ್: ಆರನ್ ರಾಜರ್ಸ್‌ನ ಒಂದು ಇಂಟರ್‌ಸೆಪ್ಷನ್, ಆರನ್ ಜೋನ್ಸ್‌ನ ಒಂದು ಫಂಬಲ್. ಎಣಿಕೆಯಲ್ಲಿ ಗ್ರೀನ್ ಬೇ ಮೇಲು. ಈಗ ಅಂಕ ನೋಡಿ. ರಾಜರ್ಸ್ ಕಳೆದ ಚೆಂಡಿನಿಂದ ಟ್ಯಾಂಪಾ ಮೊದಲರ್ಧಕ್ಕೆ ಒಂದು ಸೆಕೆಂಡ್ ಉಳಿದಾಗ 39 ಗಜದ ಟಚ್‌ಡೌನ್ (ಎಂಡ್ ಝೋನ್ ತಲುಪಿದ್ದಕ್ಕೆ 6 ಅಂಕ, ಮೇಲೆ ಹೆಚ್ಚುವರಿ ಒಂದು ಇಲ್ಲವೇ ಎರಡರ ಯತ್ನ) ಹೊಡೆಯಿತು, ಸ್ಕೋರು 21-10. ವಿರಾಮ ಮುಗಿಯುತ್ತಿದ್ದಂತೆ ಜೋನ್ಸ್ ಕಳೆದ ಚೆಂಡು 8 ಗಜದ ಗೆರೆಯವರೆಗೆ ಬಂತು, ಮರು ಆಟಕ್ಕೇ ಟಚ್‌ಡೌನ್, 28-10. ಎರಡು ಟರ್ನೋವರ್‌ಗೆ 14 ಅಂಕ. ಬ್ರೇಡಿಯ ಮೊದಲ ಇಂಟರ್‌ಸೆಪ್ಷನ್‌ನಿಂದ ಗ್ರೀನ್ ಬೇಗೆ ಬಂದದ್ದು 6, ಹೆಚ್ಚುವರಿ ಎರಡಕ್ಕೆ ಹೋಗಿ ಕೈತಪ್ಪಿತು. ಉಳಿದೆರಡರಲ್ಲಿ ಮೂರೇ ಆಟ ಆಡಿ ಪಂಟ್ ಒದ್ದರು. ಮೂರಕ್ಕೆ 6. ಎಣಿಕೆಯಲ್ಲಿ ಒಂದು ಹಿಂದಿದ್ದ ಟ್ಯಾಂಪಾ ಅಂಕದಲ್ಲಿ 8 ಮುಂದಿತ್ತು, ಪಂದ್ಯ ಗೆದ್ದದ್ದು 31-26, ಅಂದರೆ 5 ಅಂಕದಿಂದ. ಬ್ರೇಡಿ ಚೆನ್ನಾಗಿ ಆಡಿದ ಎಂದು ಇದರ ಅರ್ಥವಲ್ಲ. ಅವನ ನಾಲ್ಕನೇ ಖಾನೆ ಭರ್ತಿಯಾಗಿಯೇ ಇರುತ್ತದೆ. ಅವನ ತಂಡದ ರಕ್ಷಣೆ ಐದನೇ ಖಾನೆಯನ್ನು ಬಹುಪಾಲು ಖಾಲಿ ಇಟ್ಟಿತು. ಆ ಸೋಮವಾರ "ಪ್ಲೇಆಫ್‌ನಲ್ಲಿ ಬ್ರೇಡಿಯೇ ಬ್ರೇಡಿ" ಎಂದವರು ಈ ಎರಡು ಖಾನೆಯನ್ನು ಒಂದು ಮಾಡಿಬಿಟ್ಟಿದ್ದರು.

ಇದೇ ಗ್ರೀನ್ ಬೇ 2015ರ ಜನವರಿ 18ರಂದು ಸಿಯಾಟಲ್‌ನಲ್ಲಿ ಐದು ಟರ್ನೋವರ್ ಗಿಟ್ಟಿಸಿಯೂ ಸೋತಿತ್ತು. ವಿಲ್ಸನ್ ಒಬ್ಬನದೇ ನಾಲ್ಕು ಇಂಟರ್‌ಸೆಪ್ಷನ್, ನಾಲ್ಕೂ ಜರ್ಮೇನ್ ಕರ್ಸ್ ಕಡೆಗೆ ಎಸೆದವು, ಅವುಗಳಲ್ಲಿ ಎರಡು ಕರ್ಸ್‌ನ ಕೈಗೆ ತಗುಲಿಯೇ ಹೋದವು. ಗ್ರೀನ್ ಬೇಯ 22 ಅಂಕದಲ್ಲಿ ಟಚ್‌ಡೌನ್ ಒಂದೇ, ಮಿಕ್ಕದ್ದು ಒದ್ದು ಗಳಿಸಿದ ಐದು ಫೀಲ್ಡ್ ಗೋಲ್, ತಲಾ ಮೂರು ಅಂಕ. ಎಂಡ್ ಝೋನ್ ಹೊಸ್ತಿಲಿಗೆ ಹೋಗಿಯೂ ಮೂರಕ್ಕೇ ತೃಪ್ತಿಪಟ್ಟರೆ ಐದು ಸಲ ಚೆಂಡು ಸಿಕ್ಕರೂ ಅಷ್ಟೇ. ಹೆಚ್ಚುವರಿ ಅವಧಿಯಲ್ಲಿ ಸಿಯಾಟಲ್ 28-22ರಿಂದ ಗೆದ್ದಾಗ ಗೆಲುವಿನ 35 ಗಜದ ಎಸೆತ ಹೋದದ್ದೂ ಕರ್ಸ್‌ಗೇ.

ಜಮಾ ಖಾತೆಯನ್ನೂ ಬರೆಯಬೇಕು. 2023ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಫಿಲಡೆಲ್ಫಿಯಾದ ಜೇಲನ್ ಹರ್ಟ್ಸ್ ಯಾರೂ ಮುಟ್ಟದೆಯೇ ಚೆಂಡು ಜಾರಿಸಿದ, ಕಾನ್ಸಸ್ ಸಿಟಿಯ ನಿಕ್ ಬೋಲ್ಟನ್ ಅದನ್ನೆತ್ತಿ 36 ಗಜ ಓಡಿ ಟಚ್‌ಡೌನ್ ಮಾಡಿದ. ಇಡೀ ಪಂದ್ಯದ ಏಕೈಕ ಟರ್ನೋವರ್ ಅದು, ಸೋಲು 35-38. ಹದಿನಾರಾಣೆಯೂ ಹರ್ಟ್ಸ್‌ನದೇ, ರಿಯಾಯಿತಿ ಇಲ್ಲ. ಅದೇ ಹರ್ಟ್ಸ್ ಅಂದು 304 ಗಜ ಎಸೆದು, ಒಂದು ಟಚ್‌ಡೌನ್ ಎಸೆತದಿಂದಲೂ ಮೂರು ಓಡಿಯೂ ಗಳಿಸಿದ. ಆ ಫಂಬಲ್‌ನದು ಬಿಟ್ಟೂ 31 ಅಂಕ ಬಿಟ್ಟುಕೊಟ್ಟ ರಕ್ಷಣೆಗೆ ಒಂದು ಸಾಲು ಬರೆಯದೆ ಫಂಬಲ್ ಒಂದರ ಮೇಲೆ ಸೋಲು ಹೊರಿಸುವುದು ಖರ್ಚಿನ ಪುಟವನ್ನಷ್ಟೇ ಓದಿದಂತೆ.

ಲೆಕ್ಕ ತಪ್ಪುವ ಕಡೆ

ಟರ್ನೋವರ್ ಹೆಚ್ಚಾದ ತಂಡವೇ ಹೆಚ್ಚು ಸೋಲುತ್ತದೆ ಎನ್ನುವುದು ನಿಜ. ಆದರೆ ಬಹಳ ಸಲ ಸೋಲು ಮೊದಲು, ಟರ್ನೋವರ್ ಆಮೇಲೆ. ಹಿಂದೆ ಬಿದ್ದವರು ಓಡಿಸುವುದು ಬಿಟ್ಟು ಎಸೆಯುತ್ತಲೇ ಇರಬೇಕು, ಎದುರಾಳಿಗೂ ಅದು ಗೊತ್ತಿರುತ್ತದೆ. 2003ರ ಜನವರಿಯ ಸೂಪರ್ ಬೌಲ್‌ನಲ್ಲಿ ರೈಡರ್ಸ್‌ನ ರಿಚ್ ಗ್ಯಾನನ್ ಐದು ಇಂಟರ್‌ಸೆಪ್ಷನ್ ಎಸೆದ, ಮೂರನ್ನು ಟ್ಯಾಂಪಾದವರು ಟಚ್‌ಡೌನ್‌ವರೆಗೆ ಒಯ್ದರು, 48-21. ಕೇಳಲು ಭೀಕರ. ಆದರೆ ಅಂಥ ಎರಡು ಟಚ್‌ಡೌನ್ ಬಂದದ್ದು ಕೊನೆಯ ಒಂದೂವರೆ ನಿಮಿಷದೊಳಗೆ, ಪಂದ್ಯ ಕೈಬಿಟ್ಟ ಮೇಲೆ. ಮೊದಲ ಖಾನೆಯ ಹೊತ್ತು ಮತ್ತು ಸ್ಕೋರು ಇರುವುದು ಇದಕ್ಕೇ: ನಾಲ್ಕನೇ ಕ್ವಾರ್ಟರ್‌ನಲ್ಲಿ 17 ಅಂಕಕ್ಕಿಂತ ಹೆಚ್ಚು ಹಿಂದಿದ್ದಾಗಿನವನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಕೂಡುವಾಗ ಬಿಟ್ಟುಬಿಡಿ. ಗ್ಯಾನನ್ ಮೊದಲರ್ಧದಲ್ಲಿ ಎಸೆದವು ಆಗಲೂ ಪೆನ್ನಿನಲ್ಲೇ ಉಳಿಯುತ್ತವೆ.

"ಪ್ಲೇಆಫ್ ಅಂದ್ರ ಇವನಿಗೆ ಕೈ ನಡುಗ್ತದ" ಎನ್ನುವ ಮಾತಿಗೆ ಇನ್ನಷ್ಟು ಎಚ್ಚರ ಬೇಕು. ಈಚಿನ ವರ್ಷಗಳಲ್ಲಿ 100 ಎಸೆತಕ್ಕೆ ಎರಡು-ಎರಡೂವರೆ ಇಂಟರ್‌ಸೆಪ್ಷನ್ ಮಾಮೂಲು. ಪಂದ್ಯಕ್ಕೆ 35 ಎಸೆತವೆಂದರೆ ಮುಕ್ಕಾಲರ ಆಸುಪಾಸು. ಹಾಗಾಗಿ ಒಂದು ಎಸೆದವನು ಎಡವಲಿಲ್ಲ, ಮಾಮೂಲಿನಂತೆ ಆಡಿದ. 2020ರ ಋತುವಿನಿಂದ 14 ತಂಡಗಳ ನಾಕೌಟ್, ಗೆಲ್ಲುವವರು ಆಡುವುದೂ ಮೂರೋ ನಾಲ್ಕೋ ಪಂದ್ಯ. ಅಷ್ಟರಲ್ಲಿ ಒಬ್ಬನ ಗುಣ ತೀರ್ಮಾನಿಸಲಾಗದು. 2021ರ ಲೀಗ್ ಹಂತದಲ್ಲಿ 17 ಇಂಟರ್‌ಸೆಪ್ಷನ್ ಎಸೆದು ಪಟ್ಟಿಯ ತುದಿಯಲ್ಲಿದ್ದ ಮ್ಯಾಥ್ಯೂ ಸ್ಟ್ಯಾಫರ್ಡ್ ಅದೇ ಋತುವಿನ ಸೂಪರ್ ಬೌಲ್ ಗೆದ್ದ, ಫೈನಲ್‌ನಲ್ಲೂ ಎರಡು ಎಸೆದೇ. ಒಬ್ಬ ಕ್ವಾರ್ಟರ್‌ಬ್ಯಾಕ್ ಬಗ್ಗೆ ಹೇಳಲು ಅವನ ಎಲ್ಲ ಪ್ಲೇಆಫ್ ಎಸೆತಗಳನ್ನು ಕೂಡಿಸಿ ಕನಿಷ್ಠ 200 ದಾಟಲಿ, ಆಮೇಲೆ ಅವನದೇ ಲೀಗ್ ಹಂತದ ಸರಾಸರಿಯ ಪಕ್ಕದಲ್ಲಿಟ್ಟು ನೋಡಿ.

ಸ್ನ್ಯಾಪ್ ಕೈತಪ್ಪಿದ ಫಂಬಲ್ ಯಾರ ಹೆಸರಿಗೆ ಬಿದ್ದಿದೆ ಎಂದು ಬೇರೆಯಾಗಿ ನೋಡಿ. ಸೆಂಟರ್ ಕೆಟ್ಟದಾಗಿ ಕೊಟ್ಟಿದ್ದರೂ ಬಹಳ ಸಲ ಅದು ಕ್ವಾರ್ಟರ್‌ಬ್ಯಾಕ್ ಖಾತೆಯಲ್ಲಿರುತ್ತದೆ. ಪಂದ್ಯವಾದ ಕೆಲವು ದಿನಕ್ಕೆ ಅಧಿಕೃತ ಅಂಕಿಗಳನ್ನು ಮರುಪರಿಶೀಲಿಸಿ ತಿದ್ದುವುದೂ ಉಂಟು. ಸೋಮವಾರ ಬರೆದ ಅಂಕಿಯನ್ನು ವಾರದ ಕೊನೆಗೆ ಒಮ್ಮೆ ತಾಳೆ ನೋಡಿ, ಬದಲಾಗಿದ್ದರೆ ಹಳೆಯದನ್ನು ಒಂದೇ ಗೆರೆಯಿಂದ ಹೊಡೆದು ಪಕ್ಕದಲ್ಲಿ ಹೊಸದನ್ನು ಬರೆಯಿರಿ.