ಎರಡು ಮಿಲಿಮೀಟರ್ ವಾಷರ್ ಹಾಕಿ ಹೂವನ್ನೂ ಬೆಟ್ಟವನ್ನೂ ಒಂದೇ ಫೋಟೊದಲ್ಲಿ ಹಿಡಿದದ್ದು

ತಂಗಡಿ ಹೂವು ಫ್ರೇಮಿನ ಅರ್ಧದಷ್ಟು ತುಂಬಬೇಕು. ಅದರ ಹಿಂದೆ ಜೋಗಿಮಟ್ಟಿ ಕಡೆಯ ಗುಡ್ಡ, ಗುಡ್ಡದ ಮೇಲಿನ ವಿಂಡ್‌ಮಿಲ್ ನೋಡಿದ ಕೂಡಲೇ ಗುರುತು ಸಿಗಬೇಕು. ನನಗೆ ಬೇಕಿದ್ದದ್ದು ಇಷ್ಟೇ. ಚಿತ್ರದುರ್ಗದ ನಮ್ಮ ಗೆಳೆಯರಿಗೆ ಹೇಳಿದರೆ ಒಬ್ಬರೂ ಒಪ್ಪಲಿಲ್ಲ. "ಹೂವು ಬೇಕಾದ್ರೆ ಮ್ಯಾಕ್ರೋ ಲೆನ್ಸ್ ತಗೊ, ಬೆಟ್ಟ ಬೇಕಾದ್ರೆ ಮಲೆನಾಡಿಗೆ ಹೋಗು. ಎರಡೂ ಒಟ್ಟಿಗೆ ಆಗಲ್ಲ ಕಣೋ" ಅಂದರು. ಈಗ ಅವರೇ ಫೋನ್ ಮಾಡಿ ವಾಷರ್ ಎಲ್ಲಿ ಮಾಡಿಸಿದೆ ಅಂತ ಕೇಳುತ್ತಿದ್ದಾರೆ.

ಮೊದಲು ಏನೇನು ಕೈಕೊಟ್ಟಿತು ಅಂತ ಹೇಳಿಬಿಡುತ್ತೇನೆ, ನಿಮ್ಮ ದುಡ್ಡು ಉಳಿಯಲಿ. 50 ಮಿಮೀ ಲೆನ್ಸಿಗೆ ಎಕ್ಸ್‌ಟೆನ್ಷನ್ ಟ್ಯೂಬ್ ಹಾಕಿದೆ, ಅಂದರೆ ಲೆನ್ಸನ್ನು ಕ್ಯಾಮೆರಾದಿಂದ ಮುಂದಕ್ಕೆ ಸರಿಸಿ ಹತ್ತಿರದ್ದಕ್ಕೆ ಫೋಕಸ್ ಆಗುವಂತೆ ಮಾಡುವ ಖಾಲಿ ಕೊಳವೆ. ಹೂವು ಚೆನ್ನಾಗಿ ಬಂತು, ಹಿಂದಿನ ಗುಡ್ಡ ಪೂರ್ತಿ ಕಲಸಿಹೋಯಿತು. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸನ್ನು ರಿವರ್ಸ್ ರಿಂಗಿನಲ್ಲಿ ತಿರುಗಿಸಿ ಹಾಕಿದರೆ ಕೇಸರ ಬಿಟ್ಟು ಬೇರೇನೂ ಕಾಣಲಿಲ್ಲ. ಬೆಂಗಳೂರಿನಿಂದ 100 ಮಿಮೀ ಮ್ಯಾಕ್ರೋ ಬಾಡಿಗೆಗೆ ತರಿಸಿದೆ, ದಿನಕ್ಕೆ ಐನೂರೋ ಆರುನೂರೋ. ಒಳ್ಳೆಯ ಲೆನ್ಸು, ಆದರೆ ಅದರ ನೋಟ ಕಿರಿದು, ಬೆಟ್ಟದ ಒಂದು ತುಣುಕೂ ಸಿಗಲ್ಲ. ಕಿಟ್ ಲೆನ್ಸಿನ 18 ಮಿಮೀಯಲ್ಲಿ ಬೆಟ್ಟ ಸಿಗುತ್ತದೆ, ಹೂವು ಗುಂಡುಸೂಜಿಯಷ್ಟಾಗುತ್ತದೆ. ಇಷ್ಟಕ್ಕೇ ಏಳೆಂಟು ಸಾವಿರ ಹೋಗಿತ್ತು.

ಕೊನೆಗೆ ಕೆಲಸಕ್ಕೆ ಬಂದದ್ದು ಎಂ42 ದಾರದ, ಅಂದರೆ ಬೋಲ್ಟಿನ ತರ ತಿರುಗಿಸಿ ಕೂರಿಸುವ, ಹಳೆಯ 28 ಮಿಮೀ ಲೆನ್ಸು. ಸೆಕೆಂಡ್ ಹ್ಯಾಂಡ್, ಸುಮಾರು ಮೂರೂವರೆ ಸಾವಿರ. ಅದಕ್ಕೆ ಟ್ಯೂಬ್ ಹಾಕಿದರೆ ಹೂವು ಲೆನ್ಸಿಗೆ ತಾಗುವಷ್ಟು ಹತ್ತಿರ ಬರಬೇಕು, ಹಿನ್ನೆಲೆ ಮತ್ತೆ ಕಲಸುತ್ತದೆ. ನನಗೆ ಬೇಕಿದ್ದದ್ದು ಲೆನ್ಸು ಎರಡು ಮಿಮೀ ಮುಂದೆ ಸರಿಯೋದು ಅಷ್ಟೇ. ಹಳೆ ಲೆನ್ಸನ್ನು ಕ್ಯಾಮೆರಾಗೆ ಕೂರಿಸುವ ಅಡಾಪ್ಟರಿಗೂ ಲೆನ್ಸಿಗೂ ನಡುವೆ ಒಂದು ವಾಷರ್ ಕೂತರೆ ಸಾಕು, ದಾರ ಅದರ ತೂತಿನೊಳಗಿಂದ ಹೋಗಿ ಅಡಾಪ್ಟರನ್ನು ಹಿಡಿಯುತ್ತದೆ.

ಮೊದಲು ಹಳೆ ಸಿಡಿ ಕತ್ತರಿಸಿ ನೋಡಿದೆ. ದಪ್ಪ ಒಂದೂ ಕಾಲು ಮಿಮೀ ಹತ್ತಿರ. ಲೆಕ್ಕ ಸರಿ ಅಂತ ಗೊತ್ತಾಯಿತು, ಸಿಡಿ ಮಾತ್ರ ಎರಡನೇ ಸಲ ತಿರುಗಿಸುವಾಗ ಸೀಳಿತು. ದಾವಣಗೆರೆಯಲ್ಲಿ ಲೇತ್ ಕೆಲಸದವರ ಹತ್ತಿರ ಅಲ್ಯುಮಿನಿಯಂನಲ್ಲಿ ಮೂರು ಮಿಮೀದು ಮಾಡಿಸಿದೆ. ಹಿಡಿಯೋಕೆ ಒಂದೂವರೆ ಸುತ್ತು ದಾರ ಅಷ್ಟೇ ಉಳಿಯಿತು, ಲೆನ್ಸ್ ಅಲ್ಲಾಡತೊಡಗಿತು. ಆಮೇಲೆ ತಗಡಿನಿಂದ ಕತ್ತರಿಸಿಕೊಟ್ಟ ಎರಡು ಮಿಮೀದು ಸರಿಯಾಗಿ ಕೂತಿತು, ಆದರೆ ಫೋಟೊದ ಎಡಗಡೆ ಶಾರ್ಪ್, ಬಲಗಡೆ ಮಬ್ಬು! ತಗಡು ಸಮ ಇರಲಿಲ್ಲ. "ಅಣ್ಣಾ, ಎರಡೂ ಮುಖ ಲೇತ್ ಮೇಲೆ ಹಿಡಿದು ಸಮ ಮಾಡಿಕೊಡಿ" ಅಂದೆ. "ವಾಷರ್‌ಗೆ ಇಷ್ಟು ಯೋಚನೆ ಮಾಡೋರನ್ನ ನಾನು ನೋಡಿಲ್ಲ ಬಿಡ್ರಿ" ಅಂದರು, ಮಾಡಿಯೂ ಕೊಟ್ಟರು. ಎಲ್ಲಾ ಸೇರಿ ನಾಲ್ಕುನೂರು ರೂಪಾಯಿ ದಾಟಿರಲಿಕ್ಕಿಲ್ಲ.

ಲೆನ್ಸ್ ಕೊಳ್ಳುವಾಗ ಆಟೊ-ಮ್ಯಾನುಯಲ್ ಸ್ವಿಚ್ ಇದೆಯಾ ನೋಡಿಕೊಳ್ಳಿ. ವಾಷರ್ ಹಾಕಿದ ಮೇಲೆ ಹಿಂದಿನ ಪಿನ್ ಸರಿಯಾಗಿ ಒತ್ತಿಕೊಳ್ಳದಿದ್ದರೆ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಪೂರ್ತಿ ತೆರೆದೇ ಇರುತ್ತದೆ. ಸ್ವಿಚ್ಚನ್ನು ಮ್ಯಾನುಯಲ್‌ಗೆ ಇಟ್ಟರೆ ಆ ತಲೆನೋವಿಲ್ಲ.

ನಾನು ಅಪರ್ಚರನ್ನು ಎಫ್ 16ರಲ್ಲಿ, ಅಂದರೆ ಕಿಂಡಿ ಚಿಕ್ಕದಾಗಿ, ಇಡುತ್ತೇನೆ. ಹೂವಿನ ಮೇಲೆ ಫೋಕಸ್, ಬೆಟ್ಟ ಸ್ವಲ್ಪ ಮೆತ್ತಗೆ. ಅಷ್ಟು ಮೆತ್ತಗಿದ್ದರೇನೇ ಚೆಂದ. ಲೆನ್ಸಿಗೂ ಹೂವಿಗೂ ಗೇಣಿಗಿಂತ ಕಡಿಮೆ ದೂರ, ಹಾಗಾಗಿ ಕ್ಯಾಮೆರಾದ ನೆರಳೇ ಹೂವಿನ ಮೇಲೆ ಬೀಳುತ್ತದೆ. ಸೂರ್ಯ ಹುಟ್ಟಿದ ಮೊದಲ ಒಂದು ಗಂಟೆಯಲ್ಲಿ ಬೆಳಕು ಪಕ್ಕದಿಂದ ಬರುವಾಗ ಮಾತ್ರ ಇದು ಸಲೀಸು. ನೆರಳಿನ ಕಡೆಗೆ ಚಿಪ್ಸ್ ಪ್ಯಾಕೆಟ್ಟಿನ ಒಳಗಿನ ಬೆಳ್ಳಿ ಹಾಳೆಯನ್ನು ರಟ್ಟಿಗೆ ಅಂಟಿಸಿ ಹಿಡಿಯುತ್ತೇನೆ. ಹಾಳೆಯನ್ನು ಮೊದಲು ಏನು ಮಾಡುತ್ತೇನೆ ಅನ್ನೋದನ್ನು ಮಾತ್ರ ಹೇಳಲ್ಲ. ಗೆಳೆಯರಿಗೂ ಹೇಳಿಲ್ಲ.

ಇನ್ನು ಗಾಳಿ. ದುರ್ಗದ ಗುಡ್ಡಗಳ ಮೇಲೆ ವಿಂಡ್‌ಮಿಲ್ ಸುಮ್ನೆ ನೆಟ್ಟಿಲ್ಲ ಅಲ್ವಾ? ಆಷಾಢದಲ್ಲಿ ಹೂವಿನ ಫೋಟೊ ಆಸೆಯನ್ನೇ ಬಿಡಿ. ಆಗ ನಾನು ಬಂಡೆ ಮೇಲಿನ ಕಲ್ಲುಹೂವು ತೆಗೆಯುತ್ತೇನೆ, ಅದು ಅಲ್ಲಾಡಲ್ಲ. ಚಳಿಗಾಲದ ಬೆಳಿಗ್ಗೆ ಗಾಳಿ ಕಡಿಮೆ. ಆಗಲೂ ಒಂದು ಕೋಲು ನೆಟ್ಟು, ದಪ್ಪ ತಂತಿಯ ತುದಿಗೆ ಬಟ್ಟೆ ಕ್ಲಿಪ್ ಕಟ್ಟಿ ತಂಗಡಿ ದಂಟನ್ನು ಹಿಡಿಸುತ್ತೇನೆ. ಹೂವು ನಿಂತರೆ ಶಟರನ್ನು ಹದಿನೈದನೇ ಒಂದು ಸೆಕೆಂಡಿನವರೆಗೂ ಇಳಿಸಬಹುದು. ಹಿಂದೆ ವಿಂಡ್‌ಮಿಲ್ ರೆಕ್ಕೆ ತಿರುಗುತ್ತಿರೋದು ಗೊತ್ತಾಗುತ್ತದೆ.

ಈ ಲೆನ್ಸಿನಲ್ಲಿ ನನಗೆ ಅತಿ ಹೆಮ್ಮೆಯ ಫೋಟೊ ಹೂವಿನದಲ್ಲ, ಬಂಡೆ ಓತಿಕ್ಯಾತನದು. ಸಂಗಾತಿ ಹುಡುಕುವ ಕಾಲದಲ್ಲಿ ಗಂಡಿನ ಬೆನ್ನು ಕೆಂಪು, ಪಕ್ಕೆ ಕಪ್ಪು. ಅದು ಎತ್ತರದ ಬಂಡೆ ಮೇಲೆ ಕೂತು ತಲೆ ಕುಣಿಸುತ್ತದೆ, ಓಡಿಸಿದರೂ ಅದೇ ಬಂಡೆಗೆ ವಾಪಸ್ ಬರುತ್ತದೆ. ಬೆನ್ನಟ್ಟಬೇಡಿ. ಕ್ಯಾಮೆರಾವನ್ನು ಬಂಡೆ ಮೇಲಿಟ್ಟು, ಫೋಕಸ್ ಮೊದಲೇ ಮಾಡಿ, ರಿಮೋಟ್ ಹಿಡಿದು ದೂರ ಕೂರಿ. ಫೋಟೊದಲ್ಲಿ ಅದರ ಗಂಟಲಿನ ಹುರುಪೆ ಒಂದೊಂದೂ ಕಾಣುತ್ತದೆ, ಹಿಂದೆ ಬಂಡೆಗಳ ಸಾಲು ದಿಗಂತದವರೆಗೆ. ಆ ಬಂಡೆ ಎಲ್ಲಿದೆ ಅಂತ ಕೇಳಬೇಡಿ. ಜನ ಜಾಸ್ತಿಯಾದರೆ ಅದು ಜಾಗ ಬಿಡುತ್ತದೆ.

2022ರಲ್ಲಿ ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಎಲ್ಲರೂ ಹಿರಿಯೂರಿಗೆ ಓಡಿದರು. ನಾನೂ ಹೋಗಿದ್ದೆ. ಎಲ್ಲರ ಫೋಟೊನೂ ಒಂದೇ ತರ. ನಮ್ಮ ಬಯಲುಸೀಮೆ ಕಣ್ಣಿಗೆ ಬೀಳಬೇಕಾದರೆ ನೆಲಕ್ಕೆ ಮೊಣಕಾಲೂರಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಆಗಲೇ.

ನಡುವೆ ಒಂದು ಬೇರೆ ಹುಚ್ಚೂ ಹತ್ತಿತು. ಯುವಿ ಟಾರ್ಚ್ ಬೆಳಕಿಗೆ ಚೇಳು ಹಸಿರು-ನೀಲಿಯಾಗಿ ಹೊಳೆಯುತ್ತದೆ. ಗುರುತಿನವರ ಹೊಲದ ಬದುವಿನ ಕಲ್ಲುಗಳಲ್ಲಿ, ಅವರನ್ನು ಕೇಳಿಯೇ, ಬೂಟು ಹಾಕಿಕೊಂಡು ರಾತ್ರಿ ಹುಡುಕಿದೆ. ಅಗ್ಗದ ಟಾರ್ಚಿನ ನೇರಳೆ ಬೆಳಕು ಫೋಟೊ ತುಂಬಾ ಹರಡಿತು. ಆಮೇಲೆ 365 ನ್ಯಾನೊಮೀಟರ್ ತರಂಗಾಂತರದ ಟಾರ್ಚ್ ತಂದೆ, ಸಾವಿರದ ಇನ್ನೂರರ ಆಸುಪಾಸು, ಅದರಲ್ಲಿ ಬಣ್ಣ ಶುದ್ಧವಾಗಿ ಬಂತು. ಹತ್ತು ಸೆಕೆಂಡ್ ಶಟರ್ ತೆರೆದಿಟ್ಟೆ, ಚೇಳಿನ ಹಿಂದೆ ನಕ್ಷತ್ರಗಳೂ ಸಿಕ್ಕವು. ಚೇಳು ಕದಲದೆ ಕೂತರೆ ಮಾತ್ರ.

ಈಗ 24 ಮಿಮೀ ಲೆನ್ಸ್ ಒಂದು ಸಿಕ್ಕಿದೆ. ಅದಕ್ಕೆ ಒಂದೂವರೆ ಮಿಮೀ ವಾಷರ್ ಸಾಕು ಅಂತ ನನ್ನ ಲೆಕ್ಕ. ಲೇತ್‌ಗೆ ಅಳತೆ ಕೊಟ್ಟಾಗಿದೆ, ಎರಡೂ ಮುಖ ಸಮ ಮಾಡಿ ಅಂತ ಈ ಸಲ ಮೊದಲೇ ಹೇಳಿದ್ದೇನೆ.